ಹದವೆಂಬ ಮಾತು

ಒಂದು ಭಾಷೆಯ ಶಬ್ದಸಂಪತ್ತನ್ನು ಅಳೆಯಹೊರಟವರು ಸಾಮಾನ್ಯವಾಗಿ ನಿಘಂಟಿನ ಪುಟಗಳನ್ನು ಎಣಿಸುತ್ತಾರೆ. ಅದು ತಪ್ಪೆಂದು ಹೇಳಲಾಗದು. ಆದರೆ ಆ ಲೆಕ್ಕದಲ್ಲಿ ಬಿಟ್ಟುಹೋಗುವ ಸಂಗತಿಯೊಂದುಂಟು. ಕೆಲವು ಶಬ್ದಗಳಿಗೆ ನಿಘಂಟಿನಲ್ಲಿ ಕೆಲವೇ ಸಾಲುಗಳ ಜಾಗ ದೊರೆತಿದ್ದರೂ ಜನರ ಬಾಳಿನಲ್ಲಿ ಅವು ಹತ್ತಾರು ಕಸುಬುಗಳ ಭಾರವನ್ನು ಹೊತ್ತಿರುತ್ತವೆ. ಒಂದೊಂದು ಕಸುಬಿನವರ ಬಾಯಲ್ಲಿ ಒಂದೊಂದು ಅರ್ಥವನ್ನು ತಾಳುತ್ತವೆ. ಆ ಅರ್ಥಗಳು ಕೆಲವೊಮ್ಮೆ ಒಂದಕ್ಕೊಂದು ವಿರುದ್ಧವಾಗಿಯೂ ಕಾಣಿಸುತ್ತವೆ. ಅಂಥದೊಂದು ಶಬ್ದ ‘ಹದ’. ಎರಡೇ ಅಕ್ಷರದ, ಮಕ್ಕಳಿಗೂ ತಿಳಿದಿರುವ ಈ ಮಾತನ್ನು ಹಿಡಿದು, ಹೊಲ, ಆಲೆಮನೆ, ಕುಲುಮೆ, ತೊಗಲಿನ ಹೊಂಡ ಮೊದಲಾದ ಕಡೆಗಳಲ್ಲಿ ಅದು ಏನೇನು ಕೆಲಸ ಮಾಡುತ್ತಿದೆ ಎಂಬುದನ್ನು ಈ ಅಲ್ಪಾವಧಿಯಲ್ಲಿ ನೋಡೋಣ.

ಮೊದಲು ಶಬ್ದದ ಕುಲವನ್ನು ವಿಚಾರಿಸಬೇಕು. ಹಳಗನ್ನಡದ ಪಕಾರ ನಡುಗನ್ನಡದ ಕಾಲಕ್ಕೆ ಹಕಾರವಾದುದು ಎಲ್ಲರಿಗೂ ತಿಳಿದ ವಿಷಯ. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪಣ್ ಹಣ್ಣಾಯಿತು. ಹಾಗೆಯೇ ‘ಪದ’ ‘ಹದ’ವಾಯಿತು. ಈ ಪದ ಸಂಸ್ಕೃತದ ಪದವಲ್ಲ. ಹೆಜ್ಜೆ, ಶಬ್ದ, ಹಾಡು ಎಂಬ ಅರ್ಥಗಳುಳ್ಳ ಸಂಸ್ಕೃತದ ಪದ ಬೇರೆ, ತಕ್ಕ ಸ್ಥಿತಿ ಎಂಬ ಅರ್ಥದ ದ್ರಾವಿಡ ಪದ ಬೇರೆ. ಎರಡೂ ಕನ್ನಡದಲ್ಲಿ ಒಂದೇ ರೂಪದಲ್ಲಿದ್ದವು. ಪಕಾರ ಹಕಾರವಾದಾಗ ದೇಶ್ಯಶಬ್ದ ಹದವಾಗಿ ಬೇರೆಯಾಯಿತು, ಸಂಸ್ಕೃತದ್ದು ಪದವಾಗಿಯೇ ಉಳಿಯಿತು. ಎರಡು ಶಬ್ದಗಳ ನಡುವಿನ ಗೊಂದಲವನ್ನು ಧ್ವನಿವ್ಯತ್ಯಾಸವೇ ಹೀಗೆ ಬಗೆಹರಿಸಿದ ನಿದರ್ಶನಗಳು ಹೆಚ್ಚಿಲ್ಲ.

ನೆರೆಯ ಭಾಷೆಗಳಲ್ಲಿ ಪಕಾರ ಉಳಿದುಕೊಂಡಿದೆ. ತಮಿಳಿನಲ್ಲಿ ‘ಪದಂ’ ಎಂದರೆ ಅಡುಗೆ, ಪಾಕ ಮುಂತಾದವುಗಳ ತಕ್ಕ ಹದ. ತೆಲುಗಿನ ‘ಪದನು’ ನೆಲದ ಹಸಿಯನ್ನೂ ಹೇಳುತ್ತದೆ, ಕತ್ತಿಯ ಹರಿತವನ್ನೂ ಹೇಳುತ್ತದೆ. ಎಂದ ಮೇಲೆ ಒಕ್ಕಲಿಗನ ಹದ, ಅಡುಗೆಯವರ ಹದ, ಕಮ್ಮಾರನ ಹದ ಇವು ಮೂರೂ ನಿನ್ನೆ ಮೊನ್ನೆ ಹುಟ್ಟಿದವಲ್ಲ. ಈ ಭಾಷೆಗಳು ಒಂದೇ ಮನೆಯಲ್ಲಿದ್ದ ಕಾಲದಿಂದಲೂ ಈ ಮಾತು ಹಲವು ಕಸುಬುಗಳ ನಡುವೆ ಓಡಾಡಿಕೊಂಡಿದ್ದಿರಬೇಕು. ನಮ್ಮ ಕಾವ್ಯಗಳಲ್ಲಿ, ಮುಖ್ಯವಾಗಿ ಕುಮಾರವ್ಯಾಸನಲ್ಲಿ, ಮೇಲಿಂದ ಮೇಲೆ ಬರುವ ‘ಹದನ’ ಎಂಬ ಶಬ್ದಕ್ಕೆ ಸ್ಥಿತಿ, ಸಂಗತಿ, ಸಮಾಚಾರ ಎಂಬ ಅರ್ಥಗಳಿವೆ. ಸುಖ, ಕ್ಷೇಮ ಎಂಬ ಅರ್ಥದ ‘ಹದುಳ’, ಅದರ ಹಳೆಯ ರೂಪವಾದ ‘ಪದುಳ’ ಇವೂ ಇದೇ ಬಳಗಕ್ಕೆ ಸೇರಿದವೆಂದು ತೋರುತ್ತದೆ. ಆದರೆ ‘ಹದ್ದು ಮೀರು’, ‘ಹದ್ದುಬಸ್ತು’ ಎನ್ನುವಲ್ಲಿ ಬರುವ ಹದ್ದು ಅರಬ್ಬಿಯಿಂದ ಬಂದದ್ದು, ಎಲ್ಲೆ ಎಂಬ ಅರ್ಥದ್ದು. ಕಿವಿಗೆ ಹತ್ತಿರವೆನಿಸಿದರೂ ಅದಕ್ಕೂ ಹದಕ್ಕೂ ನಂಟಿಲ್ಲ.

ಇನ್ನು ಕಸುಬುಗಳ ಕಡೆಗೆ ಬರೋಣ. ಒಕ್ಕಲಿಗನಿಗೆ ಹದವೆಂದರೆ ಮಣ್ಣಿನಲ್ಲಿರುವ ಹಸಿ. ಹಸಿಯೆಂದರೆ ಬರಿಯ ನೀರಲ್ಲ. ಮಳೆ ಸುರಿದ ಮರುಗಳಿಗೆ ಹೊಲದಲ್ಲಿ ನೀರು ಬೇಕಾದಷ್ಟಿರುತ್ತದೆ, ಹದವಿರುವುದಿಲ್ಲ. ಆಗ ನೇಗಿಲು ಹೂಡಿದರೆ ಮಣ್ಣು ಹೆಂಟೆಹೆಂಟೆಯಾಗಿ ಎದ್ದು, ಬಿಸಿಲಿಗೆ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಬಹಳ ದಿನ ಕಾದರೆ ನೆಲ ಬಿಗಿದುಕೊಂಡು ನೇಗಿಲಿನ ಕುಳ ಇಳಿಯುವುದಿಲ್ಲ, ಬಿತ್ತಿದ ಬೀಜಕ್ಕೆ ಮೊಳೆಯುವಷ್ಟು ತೇವವೂ ಉಳಿದಿರುವುದಿಲ್ಲ. ಇವೆರಡರ ನಡುವೆ ಇರುವ ಕೆಲವು ದಿನಗಳೇ ಹದ. ಆ ದಿನಗಳೆಷ್ಟು ಎಂಬುದು ಮಣ್ಣಿನ ಜಾತಿಯನ್ನು ಅವಲಂಬಿಸಿದೆ. ನೀರು ಬೇಗ ಬಸಿದುಹೋಗುವ ಕೆಂಪು ನೆಲದಲ್ಲಿ ಹದ ಬೇಗ ಬರುತ್ತದೆ, ಬೇಗ ಹೋಗುತ್ತದೆ. ಬಿಜಾಪುರ, ಗದಗಗಳ ಎರೆಯ ಭೂಮಿಯಲ್ಲಿ ಕಾಲಿಟ್ಟರೆ ಅಂಟುವ ಕೆಸರು ಆರಲು ಹಲವು ದಿನ ಬೇಕು. ಆದರೆ ಒಮ್ಮೆ ಒಳಗೆ ಸೇರಿದ ಹಸಿ ಅಲ್ಲಿ ತಿಂಗಳುಗಟ್ಟಲೆ ನಿಲ್ಲುತ್ತದೆ. ಹಿಂಗಾರಿನಲ್ಲಿ ಬಿತ್ತಿದ ಬಿಳಿಜೋಳ ಮುಂದೆ ಮಳೆಯಿಲ್ಲದಿದ್ದರೂ ಬೆಳೆಯುವುದು ಈ ಬಲದಿಂದಲೇ.

ಹದ ನೋಡುವ ಬಗೆಯೂ ಸರಳವಾದುದು. ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಅದುಮಿ ಉಂಡೆಮಾಡಿ ಎದೆಯೆತ್ತರದಿಂದ ಬಿಡುವುದು. ನೆಲಕ್ಕೆ ಬಿದ್ದು ಚೂರಾದರೆ ಹದ, ಒಡೆಯದೆ ಚಪ್ಪಟೆಯಾದರೆ ಇನ್ನೂ ಕಾಯಬೇಕು, ಉಂಡೆಯೇ ಕಟ್ಟದಿದ್ದರೆ ಹದ ಮೀರಿದೆ. ಸ್ವೀಡನ್ನಿನ ಆಲ್ಬರ್ಟ್ ಅಟರ್‌ಬರ್ಗ್ ಎಂಬ ವಿಜ್ಞಾನಿ 1911ರಲ್ಲಿ ಜೇಡಿಮಣ್ಣಿನ ಇಂಥ ಎಲ್ಲೆಗಳನ್ನು ಗುರುತಿಸಿ ಅವಕ್ಕೆ ಅಳತೆಯನ್ನು ಕೊಟ್ಟ. ಒದ್ದೆ ಮಣ್ಣನ್ನು ಎಳೆಯಾಗಿ ಹೊಸೆಯುತ್ತ ಹೋದರೆ ಯಾವ ತೇವದಲ್ಲಿ ಅದು ಮುರಿದು ಬೀಳತೊಡಗುತ್ತದೆಯೋ ಅದೊಂದು ಎಲ್ಲೆ. ಇಂದು ಕಟ್ಟಡ ಮತ್ತು ರಸ್ತೆಗಳ ಎಂಜಿನಿಯರುಗಳು ಪ್ರಯೋಗಶಾಲೆಯಲ್ಲಿ 3 ಮಿಲಿಮೀಟರ್ ದಪ್ಪದ ಎಳೆಯನ್ನು ಹೊಸೆದು ಇದನ್ನೇ ಕಂಡುಕೊಳ್ಳುತ್ತಾರೆ. ಉಳುಮೆಗೆ ತಕ್ಕ ತೇವ ಆ ಎಲ್ಲೆಗೆ ಸ್ವಲ್ಪ ಕೆಳಗೆ ಬರುತ್ತದೆಂದು ಮಣ್ಣಿನ ಶಾಸ್ತ್ರ ಹೇಳುತ್ತದೆ. ಒಕ್ಕಲಿಗನ ಮುಷ್ಟಿ ಹೇಳುವುದೂ ಅದನ್ನೇ.

ಹೊಲದಿಂದ ಆಲೆಮನೆಗೆ ಹೋದರೆ ಹದದ ಅರ್ಥ ತಿರುಗಿ ನಿಲ್ಲುತ್ತದೆ. ಹೊಲದಲ್ಲಿ ಹಸಿ ಉಳಿದಿರುವುದೇ ಹದವಾಗಿದ್ದರೆ ಇಲ್ಲಿ ನೀರು ಹೋಗಬೇಕಾದಷ್ಟು ಹೋಗುವುದೇ ಹದ. ಗಾಣದಿಂದ ಬಂದ ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿಯುತ್ತದೆ. ಹುಳಿಯನ್ನು ಮುರಿಯಲು ಸುಣ್ಣದ ತಿಳಿಯನ್ನು ಹಾಕುತ್ತಾರೆ. ಬೆಂಡೆಗಿಡದ ಲೋಳೆಯನ್ನು ಬೆರೆಸಿದಾಗ ಕಸ ಮೇಲೆ ತೇಲಿ ಬರುತ್ತದೆ, ಅದನ್ನು ತೆಗೆದುಹಾಕುತ್ತಾರೆ. ಕುದಿತ ಬಲಿತ ಮೇಲೆ ಪಾಕ ನೋಡುವವನ ಕೆಲಸ ಮೊದಲಾಗುತ್ತದೆ. ಅವನು ಒಂದಿಷ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು ಬೆರಳಿನಲ್ಲಿ ಕೂಡಿಸುತ್ತಾನೆ. ಉಂಡೆ ಕಟ್ಟಿ ನಿಂತರೆ ಕೊಪ್ಪರಿಗೆಯನ್ನು ಇಳಿಸಬೇಕು. ಅಚ್ಚುಬೆಲ್ಲದ ಈ ಹದ ಸುಮಾರು 118 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಬರುತ್ತದೆ. ಮೊದಲೇ ಇಳಿಸಿದರೆ ಬೆಲ್ಲ ಗಟ್ಟಿಯಾಗದೆ ಬೆವರುತ್ತದೆ. ತಡಮಾಡಿದರೆ ಸೀದು ಕಪ್ಪಾಗುತ್ತದೆ, ಇಡೀ ಕೊಪ್ಪರಿಗೆ ನಷ್ಟ. ಆದರೆ ಅದೇ ಕೊಪ್ಪರಿಗೆಯಿಂದ ಮಲೆನಾಡಿನವರು ಜೋನಿಬೆಲ್ಲವನ್ನು ಮಾಡಬೇಕಾದರೆ ಸುಮಾರು 105 ಡಿಗ್ರಿಗೇ ಇಳಿಸುತ್ತಾರೆ. ಅಚ್ಚುಬೆಲ್ಲದವನ ಕಣ್ಣಿಗೆ ಹದಕ್ಕೆ ಬಾರದ ಪಾಕ ಜೋನಿಬೆಲ್ಲದವನಿಗೆ ಸರಿಯಾದ ಹದ. ಆದುದರಿಂದ ಹದ ಪಾಕದೊಳಗೆ ಇರುವ ಗುಣವೆಂದು ಹೇಳಿ ಮುಗಿಸುವಂತಿಲ್ಲ. ಅದರಿಂದ ನಮಗೆ ಮುಂದೆ ಏನಾಗಬೇಕಾಗಿದೆ ಎಂಬುದೂ ಆ ಮಾತಿನ ಅರ್ಥದಲ್ಲಿ ಸೇರಿದೆ.

ಅಡುಗೆಮನೆಯ ಹದ ಎಲ್ಲರಿಗೂ ಪರಿಚಿತವಾದುದರಿಂದ ಅಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾಗಿಲ್ಲ. ಒಂದೆಳೆ ಪಾಕ, ಎರಡೆಳೆ ಪಾಕ, ಉಂಡೆಪಾಕ ಎಂದು ಸಕ್ಕರೆಗೆ ಹಲವು ಹದಗಳಿವೆ. ಉದ್ದು, ಅಕ್ಕಿಗಳೆರಡೇ ಆದರೂ ದೋಸೆಯ ಹಿಟ್ಟಿನ ಹದಕ್ಕೆ ಇಡ್ಲಿ ಆಗದು. ಉಪ್ಪು, ಹುಳಿ, ಖಾರಗಳು ಒಂದನ್ನೊಂದು ಮೀರದಿದ್ದರೆ ಸಾರಿಗೆ ಎಲ್ಲ ಹದವಾಗಿದೆ ಎನ್ನುತ್ತೇವೆ. ಇಲ್ಲಿ ಹದಕ್ಕೆ ಸಮತೋಲ ಎಂಬ ಅರ್ಥ ಬಂದಿದೆ. ಈ ಅರ್ಥ ಸಾಹಿತ್ಯಕ್ಕೂ ಸಂದಿದೆ. ಸಂಸ್ಕೃತದ ಕಾವ್ಯಮೀಮಾಂಸಕರು ಕಾವ್ಯದ ಪರಿಪಕ್ವತೆಯನ್ನು ಪಾಕವೆಂದು ಕರೆದು, ದ್ರಾಕ್ಷಾಪಾಕ, ನಾರಿಕೇಳಪಾಕ ಎಂದು ವಿಂಗಡಿಸಿದರು. ರಾಜಶೇಖರ ಒಂಬತ್ತು ಬಗೆಯ ಪಾಕಗಳನ್ನು ಹೇಳುತ್ತಾನೆ. ನಾವು ಕನ್ನಡದಲ್ಲಿ ಹದವಾದ ಮಾತು, ಹದವರಿತ ಬರಹ ಎನ್ನುವಾಗ ಅದೇ ದಾರಿಯಲ್ಲಿ ದೇಶ್ಯಶಬ್ದವನ್ನು ಕರೆತಂದಿದ್ದೇವೆ.

ಕುಲುಮೆಯಲ್ಲಿ ಹದದ ರೂಪ ಬೇರೆ. ಕೊಡಲಿಯ ಬಾಯನ್ನು ಕೆಂಪಗೆ ಕಾಯಿಸಿ ಥಟ್ಟನೆ ನೀರಿಗೆ ಅದ್ದಿದರೆ ಉಕ್ಕು ಬಹಳ ಗಡುಸಾಗುತ್ತದೆ. ಗಡುಸಾದದ್ದೆಲ್ಲ ಬಾಳುವುದಿಲ್ಲ. ಅಂಥ ಕೊಡಲಿ ಮರದ ಗಂಟಿಗೆ ತಗಲಿದ ಮೊದಲ ಏಟಿಗೇ ಚಕ್ಕೆ ಹಾರುತ್ತದೆ. ಆದಕಾರಣ ಕಮ್ಮಾರ ಅದನ್ನು ತಿಕ್ಕಿ ಹೊಳಪು ಬರಿಸಿ, ಮತ್ತೆ ಮೆಲ್ಲಗೆ ಕಾಯಿಸುತ್ತಾನೆ. ಆಗ ಆ ಹೊಳಪಿನ ಮೇಲೆ ಬಣ್ಣಗಳು ಓಡುತ್ತವೆ. ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ಬಳಿಕ ನೇರಳೆ, ಕೊನೆಗೆ ನೀಲಿ. ಹಳದಿ ಸುಮಾರು 230 ಡಿಗ್ರಿ ಸೆಲ್ಸಿಯಸ್ಸಿನಲ್ಲಿ, ನೀಲಿ ಸುಮಾರು 300 ಡಿಗ್ರಿಯಲ್ಲಿ ಕಾಣಿಸುತ್ತದೆ. ಹರಿತವೇ ಮುಖ್ಯವಾದ ಕ್ಷೌರದ ಕತ್ತಿಗೆ ಹಳದಿಯಲ್ಲಿ ನಿಲ್ಲಿಸಬೇಕು, ಏಟನ್ನು ತಾಳಬೇಕಾದ ಕೊಡಲಿಗೆ ಇನ್ನಷ್ಟು ಮುಂದೆ ಹೋಗಬೇಕು, ಬಾಗಿ ಮತ್ತೆ ನೆಟ್ಟಗಾಗಬೇಕಾದ ಸ್ಪ್ರಿಂಗಿಗೆ ನೀಲಿಯವರೆಗೆ ಬಿಡಬೇಕು. ಇಲ್ಲಿ ಹದವೆಂದರೆ ಗಡಸುತನವನ್ನು ಬೇಕಾದಷ್ಟೇ ಬಿಟ್ಟುಕೊಡುವುದು. ಮೈಸೂರು ಸೀಮೆಯಲ್ಲಿ ಮೂಸೆಯ ಉಕ್ಕನ್ನು ತಯಾರಿಸುತ್ತಿದ್ದ ಬಗೆಯನ್ನು 1800-01ರಲ್ಲಿ ಇಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ವಿವರವಾಗಿ ಬರೆದಿದ್ದಾನೆ. ಯೂರೋಪಿನವರು ಆ ಉಕ್ಕನ್ನು ‘ವೂಟ್ಜ್’ ಎಂದು ಕರೆದರು. ಅದು ಕನ್ನಡದ ‘ಉಕ್ಕು’ ಎಂಬುದರ ಅಪಭ್ರಂಶವೆಂದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ವಸ್ತುವಿನ ಹೆಸರು ಸಮುದ್ರವನ್ನು ದಾಟಿತು. ಅದಕ್ಕೆ ಹದ ಕೊಡುವವರ ಮಾತು ಕುಲುಮೆಯಲ್ಲೇ ಉಳಿಯಿತು.

ಕುಂಬಾರನಿಗೆ ಹದ ಎರಡು ಸಲ ಬೇಕು. ಜೇಡಿಯನ್ನು ನೆನೆಸಿ, ಕಲ್ಲು ಕಡ್ಡಿ ಆಯ್ದು, ತುಳಿದು ತುಳಿದು ತಿಗರಿಗೆ ಒದಗುವಂತೆ ಮಾಡುವುದು ಮೊದಲನೆಯ ಹದ. ತಿಗರಿಯಿಂದಿಳಿದ ಮಡಕೆ ಸ್ವಲ್ಪ ಆರಿದ ಮೇಲೆ ಒಳಗೆ ಕಲ್ಲನ್ನು ಒತ್ತಿಹಿಡಿದು ಹೊರಗೆ ಹಲಗೆಯಿಂದ ತಟ್ಟುತ್ತ ಹೊಟ್ಟೆಯನ್ನು ಹಿಗ್ಗಿಸುತ್ತಾರೆ. ಅದಕ್ಕೆ ಬೇಕಾದುದು ಎರಡನೆಯ ಹದ. ಹಸಿ ಹೆಚ್ಚಿದ್ದರೆ ಮಡಕೆ ಕುಸಿಯುತ್ತದೆ, ಕಡಿಮೆಯಾದರೆ ಸೀಳುತ್ತದೆ. ಈ ಎರಡನೆಯ ಸ್ಥಿತಿಗೆ ಇಂಗ್ಲಿಷಿನ ಕುಂಬಾರರು ‘ತೊಗಲಿನಷ್ಟು ಗಟ್ಟಿ’ ಎಂಬ ಹೆಸರನ್ನಿಟ್ಟಿದ್ದಾರೆ. ಒಂದು ಕಸುಬಿನ ಹದಕ್ಕೆ ಇನ್ನೊಂದು ಕಸುಬಿನ ವಸ್ತು ಉಪಮಾನವಾಗಿ ಒದಗಿದೆ.

ತೊಗಲಿನ ಮಾತು ಬಂದಿತು. ಹದವೆಂಬ ಶಬ್ದ ತನ್ನ ಪೂರ್ಣವಾದ ಅರ್ಥವನ್ನು ಪಡೆದಿರುವುದು ಇಲ್ಲಿ. ಹಸಿಯ ಚರ್ಮವನ್ನು ಹಾಗೆಯೇ ಇಟ್ಟರೆ ಕೊಳೆಯುತ್ತದೆ. ಒಣಗಿಸಿದರೆ ಹಲಗೆಯಂತೆ ಸೆಟೆಯುತ್ತದೆ, ಮತ್ತೆ ನೆನೆದರೆ ಮತ್ತೆ ಕೊಳೆಯುತ್ತದೆ. ಹದ ಮಾಡಿದ ಚರ್ಮ ಒಣಗಿದರೂ ಮೆತ್ತಗಿರುತ್ತದೆ, ನೆನೆದರೂ ಕೊಳೆಯುವುದಿಲ್ಲ. ಇದನ್ನು ಸಾಧಿಸುವ ಕ್ರಮ ದೀರ್ಘವಾದುದು. ಮೊದಲು ನೆನೆಸಿ ಉಪ್ಪನ್ನೂ ಕೊಳೆಯನ್ನೂ ತೊಳೆಯಬೇಕು. ಸುಣ್ಣದ ನೀರಿನಲ್ಲಿ ಕೆಲವು ದಿನ ಇಟ್ಟಾಗ ಕೂದಲು ಸಡಿಲವಾಗುತ್ತದೆ. ಕೂದಲನ್ನೂ ಒಳಮೈಯ ಮಾಂಸವನ್ನೂ ಹೆರೆದು, ಸುಣ್ಣವನ್ನು ತೆಗೆದು, ತಂಗಡಿಯ ತೊಗಟೆ, ಅಳಲೆಕಾಯಿ ಮುಂತಾದವುಗಳ ಒಗರು ನೀರಿನಲ್ಲಿ ವಾರಗಟ್ಟಲೆ ಊರಿಸಬೇಕು. ಆ ಒಗರು ಚರ್ಮದ ನಾರುಗಳನ್ನು ಹಿಡಿದುಕೊಂಡು, ಕೊಳೆಯಿಸುವ ಸೂಕ್ಷ್ಮಜೀವಿಗಳಿಗೆ ಅವು ದಕ್ಕದಂತೆ ಮಾಡುತ್ತದೆ. ಕ್ರೋಮಿಯಂ ಲವಣಗಳನ್ನು ಬಳಸುವ ಈಗಿನ ಕಾರ್ಖಾನೆಗಳಲ್ಲಿ ಈ ವಾರಗಳ ಕೆಲಸ ಒಂದೆರಡು ದಿನಗಳಿಗೆ ಇಳಿದಿದೆ. ಹೊಲದ ಹದ ಬಂದು ಹೋಗುವಂಥದು, ಪಾಕದ ಹದ ಕ್ಷಣಮಾತ್ರದ್ದು. ಚರ್ಮದ ಹದ ಹಾಗಲ್ಲ, ಒಮ್ಮೆ ಬಂದರೆ ಹಿಂದಿರುಗದು. ಕೊಳೆತುಹೋಗಬೇಕಾದುದನ್ನು ಬಾಳುವಂತೆ ಮಾಡುವ ಕೆಲಸ ಅದು.

ಇದರೊಡನೆ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಹಿಂದಿನ ಹಳ್ಳಿಯಲ್ಲಿ ಮಿಕ್ಕ ಹದಗಳೆಲ್ಲ ಈ ಹದದ ಮೇಲೆ ನಿಂತಿದ್ದವು. ಕಮ್ಮಾರನ ಕುಲುಮೆಯನ್ನು ಉರಿಸುವ ತಿದಿ ತೊಗಲಿನದು. ಒಕ್ಕಲಿಗನ ಕಪಿಲೆಯಲ್ಲಿ ಬಾವಿಯಿಂದ ನೀರನ್ನು ಎತ್ತುತ್ತಿದ್ದ ಚೀಲ ತೊಗಲಿನದು. ಎತ್ತನ್ನು ನೊಗಕ್ಕೆ ಕಟ್ಟುವ ಮಿಣಿ, ಬಾರುಕೋಲು, ಕಾಲಿನ ಎಕ್ಕಡ ಎಲ್ಲವೂ ತೊಗಲೇ. ದೇವರ ಮುಂದೆ ಬಾರಿಸುವ ತಮಟೆ, ಸಭೆಯಲ್ಲಿ ನುಡಿಯುವ ಮೃದಂಗ, ಇವುಗಳ ಮೈಯೂ ತೊಗಲೇ. ಹೀಗೆ ಊರಿನ ನೆಲಕ್ಕೆ ನೀರನ್ನೂ, ಕಬ್ಬಿಣಕ್ಕೆ ಗಾಳಿಯನ್ನೂ, ದೇವರಿಗೆ ನಾದವನ್ನೂ ಒದಗಿಸಿದವರು ಸಮಗಾರರು, ಢೋರರು, ಮಾದಿಗರು ಮೊದಲಾದವರು. ಊರು ಅವರ ಕೈಯ ಹದವನ್ನು ಒಳಕ್ಕೆ ತೆಗೆದುಕೊಂಡು ಅವರನ್ನು ಹೊರಗಿಟ್ಟಿತು. ಹನ್ನೆರಡನೆಯ ಶತಮಾನದಲ್ಲಿ ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯನವರು ಶರಣರ ನಡುವೆ ಗೌರವದ ಸ್ಥಾನವನ್ನು ಪಡೆದುದು ಈ ಅನ್ಯಾಯವನ್ನು ಕಂಡವರು ಆಗಲೂ ಇದ್ದರೆಂಬುದನ್ನು ತೋರಿಸುತ್ತದೆ. ಅವರು ಕಸುಬಿನ ಹೆಸರನ್ನು ಮರೆಮಾಡಲಿಲ್ಲ, ತಮ್ಮ ಹೆಸರಿನ ಮುಂದೆಯೇ ಇಟ್ಟುಕೊಂಡರು. ಚೆನ್ನಯ್ಯನ ವಚನಗಳ ಅಂಕಿತದಲ್ಲಿಯೇ ಅವನ ಕಸುಬಿನ ಉಳಿ, ಕತ್ತಿಗಳು ಕಾಣಿಸಿಕೊಂಡಿವೆ.

ಈಗ ಮತ್ತೆ ಶಬ್ದಕ್ಕೆ ಬರೋಣ. ಶಬ್ದಗಳ ಅರ್ಥ ಬದಲಾಗುವ ಬಗೆಗಳನ್ನು ಭಾಷಾಶಾಸ್ತ್ರದಲ್ಲಿ ಅರ್ಥವಿಸ್ತಾರ, ಅರ್ಥಸಂಕೋಚ, ಹೀನಾರ್ಥಪ್ರಾಪ್ತಿ ಇತ್ಯಾದಿಯಾಗಿ ವಿಂಗಡಿಸುತ್ತಾರೆ. ಎಳ್ಳಿನ ನೆಯ್ಯನ್ನು ಮಾತ್ರ ಹೇಳುತ್ತಿದ್ದ ‘ಎಣ್ಣೆ’ ಈಗ ಕೊಬ್ಬರಿ ಎಣ್ಣೆ, ಸೀಮೆಎಣ್ಣೆಗಳಿಗೂ ಸಲ್ಲುವುದು ಅರ್ಥವಿಸ್ತಾರ. ಯಾವ ವಾಸನೆಗಾದರೂ ಸಲ್ಲುತ್ತಿದ್ದ ‘ನಾರು’ ದುರ್ವಾಸನೆಗೆ ಮಾತ್ರ ನಿಂತುದು ಹೀನಾರ್ಥಪ್ರಾಪ್ತಿ. ಹದವನ್ನು ಈ ಯಾವ ಕೋಣೆಯಲ್ಲಿಯೂ ಕೂಡಿಸುವುದು ಕಷ್ಟ. ತೇವ, ಗಟ್ಟಿತನ, ಸಮತೋಲ, ಹರಿತ, ಮಾರ್ದವ ಎಂದು ಅದರ ಅರ್ಥ ಕಸುಬಿನಿಂದ ಕಸುಬಿಗೆ ಬದಲಾಗುತ್ತಿದ್ದರೂ ನಡುವಿನ ಸೂತ್ರ ಕದಲಿಲ್ಲ. ಮುಂದಿನ ಕೆಲಸಕ್ಕೆ ವಸ್ತು ಒದಗಿಬರುವ ಸ್ಥಿತಿಯೇ ಆ ಸೂತ್ರ. ಬೀಜಕ್ಕೆ ನೆಲ, ಅಚ್ಚಿಗೆ ಪಾಕ, ತಿಗರಿಗೆ ಜೇಡಿ, ಉಳಿಗೆ ತೊಗಲು ಒದಗಬೇಕು. ಆ ಮುಂದಿನ ಕೆಲಸ ಯಾವುದೆಂದು ಗೊತ್ತಿಲ್ಲದವನಿಗೆ ಹದವೆಂಬ ಮಾತು ಅರ್ಥವಾಗದು.

ನಾಮಪದ ಒಂದೇ ಆದರೂ ಅದರೊಡನೆ ಬರುವ ಕ್ರಿಯಾಪದ ಕಸುಬನ್ನು ಹೇಳಿಬಿಡುತ್ತದೆ ಎಂಬುದು ಇನ್ನೊಂದು ಸ್ವಾರಸ್ಯ. ಒಕ್ಕಲಿಗ ‘ಹದ ಬಂತು’, ‘ಹದ ಆಗಿದೆ’ ಎನ್ನುತ್ತಾನೆ. ಮಳೆ, ಗಾಳಿ, ಬಿಸಿಲು ಅವನ ಕೈಯಲ್ಲಿಲ್ಲ, ಅವನು ಕಾಯಬೇಕು. ಪಾಕದವನು, ಅಡುಗೆಯವನು ‘ಹದ ನೋಡು’ ಎನ್ನುತ್ತಾರೆ. ಬೆಂಕಿ ಅವರ ಕೈಯಲ್ಲಿದೆ, ಆದರೆ ನಿಲ್ಲಿಸಬೇಕಾದ ಗಳಿಗೆಯನ್ನು ಕಣ್ಣಿಟ್ಟು ಹಿಡಿಯಬೇಕು. ಕಮ್ಮಾರ ‘ಹದ ಕೊಡು’ತ್ತಾನೆ, ತೊಗಲಿನವನು ‘ಹದ ಮಾಡು’ತ್ತಾನೆ. ಬರುವುದು, ನೋಡುವುದು, ಕೊಡುವುದು, ಮಾಡುವುದು ಎಂಬ ಈ ನಾಲ್ಕರಲ್ಲಿ ಮನುಷ್ಯನ ಪಾಲು ಮೆಟ್ಟಿಲು ಮೆಟ್ಟಿಲಾಗಿ ಹೆಚ್ಚುತ್ತ ಹೋಗಿರುವುದನ್ನು ಕಾಣಬಹುದು. ಯಾವ ವೈಯಾಕರಣನೂ ಇದನ್ನು ವಿಧಿಸಲಿಲ್ಲ. ಕೆಲಸ ಮಾಡುವವರ ಬಾಯಲ್ಲಿ ತಾನಾಗಿ ನೆಲೆಗೊಂಡ ವ್ಯಾಕರಣ ಇದು.

ಈ ಶಬ್ದ ಇಂಗ್ಲಿಷಿನ ಶಬ್ದವೊಂದನ್ನು ಎದುರುಗೊಂಡಾಗ ಏನಾಯಿತು ಎಂಬುದನ್ನೂ ನೋಡಬೇಕು. ಇಂಗ್ಲಿಷಿನ ‘ಕ್ಯೂರಿಂಗ್’ ನಮ್ಮ ಹದದಂತೆಯೇ ಹಲವು ಕಸುಬುಗಳಲ್ಲಿ ದುಡಿಯುವ ಮಾತು. ರೋಗವನ್ನು ಗುಣಪಡಿಸುವುದೂ ಅದೇ ಧಾತುವಿನಿಂದ ಬಂದದ್ದು. ಹುಣಸೂರು, ಪಿರಿಯಾಪಟ್ಟಣಗಳ ಕಡೆ ತಂಬಾಕಿನ ಹಸಿರೆಲೆಯನ್ನು ಬ್ಯಾರನ್ನುಗಳಲ್ಲಿ ತೂಗುಹಾಕಿ, ಮೊದಲು ಕಡಿಮೆ ಕಾವಿನಲ್ಲಿ ಹಳದಿಗೆ ತಿರುಗಿಸಿ, ಆಮೇಲೆ ಕಾವನ್ನು ಏರಿಸುತ್ತ ಎಲೆಯನ್ನೂ ಕಡ್ಡಿಯನ್ನೂ ಒಣಗಿಸುವುದಕ್ಕೆ ಕ್ಯೂರಿಂಗ್ ಎನ್ನುತ್ತಾರೆ. ಚಿಕ್ಕಮಗಳೂರಿನಂಥ ಊರುಗಳ ಕಾಫಿ ಕ್ಯೂರಿಂಗ್ ವರ್ಕ್ಸುಗಳಲ್ಲಿ ಒಣಗಿಬಂದ ಕಾಫಿಯ ಸಿಪ್ಪೆಯನ್ನು ತೆಗೆದು, ಬೀಜವನ್ನು ಗಾತ್ರಕ್ಕೆ ತಕ್ಕಂತೆ ವಿಂಗಡಿಸುವುದಕ್ಕೆ ಅದೇ ಹೆಸರು. ಕಟ್ಟಡದ ಕೆಲಸದಲ್ಲಿಯಾದರೋ ಹೊಸ ಕಾಂಕ್ರೀಟು ಒಣಗದಂತೆ ಕಡಿಮೆಯೆಂದರೆ ಏಳು ದಿನ ನೀರುಣಿಸಿ ತೇವವಾಗಿಡುವುದು ಕ್ಯೂರಿಂಗ್. ಒಂದು ಕಡೆ ಒಣಗಿಸುವುದು, ಒಂದು ಕಡೆ ಸುಲಿಯುವುದು, ಮತ್ತೊಂದು ಕಡೆ ಒಣಗಗೊಡದಿರುವುದು. ನಿಘಂಟನ್ನು ನೋಡಿ ಎಲ್ಲಕ್ಕೂ ಒಂದೇ ಕನ್ನಡ ಶಬ್ದವನ್ನು ಬರೆದಿಟ್ಟ ಭಾಷಾಂತರಕಾರ ತಾರಸಿಯನ್ನು ಬಿರುಕು ಬಿಡಿಸಿಯಾನು.

ಜನ ಇದನ್ನು ತಮ್ಮದೇ ರೀತಿಯಲ್ಲಿ ಬಗೆಹರಿಸಿಕೊಂಡಿದ್ದಾರೆ. ತಂಬಾಕಿಗೆ ಹದ ಮಾಡುವುದು ಎಂಬ ಮಾತು ಪತ್ರಿಕೆಗಳಲ್ಲಿಯೂ ಬೆಳೆಗಾರರ ಬಾಯಲ್ಲಿಯೂ ಸಲೀಸಾಗಿ ನಿಂತಿದೆ, ಏಕೆಂದರೆ ಎಲೆ ಅಲ್ಲಿ ಮೊದಲಿದ್ದಂತೆ ಉಳಿಯದೆ ಬೇರೆಯೇ ಆಗುತ್ತದೆ. ಕಾಂಕ್ರೀಟಿಗೆ ಆ ಮಾತು ಹತ್ತಲಿಲ್ಲ. ಗಾರೆಯವರು ಕಲಸುವಾಗ ಗಾರೆಯ ಹದವನ್ನು ನೋಡುತ್ತಾರೆ, ಕಟ್ಟಿದ ಮೇಲೆ ‘ಕ್ಯೂರಿಂಗ್ ಮಾಡು’, ‘ನೀರು ಹೊಡಿ’ ಎಂದಷ್ಟೇ ಹೇಳುತ್ತಾರೆ. ಹದವೆಂಬುದು ಮುಂದಿನ ಕೆಲಸಕ್ಕೆ ಮುಂಚಿನ ಸ್ಥಿತಿಯಾದ್ದರಿಂದ ಕಲಸಿದ ಗಾರೆಗೆ ಅದು ಸಲ್ಲುತ್ತದೆ, ಎರಕ ಹೊಯ್ದು ಮುಗಿದ ತಾರಸಿಗೆ ಸಲ್ಲುವುದಿಲ್ಲ. ಓದುಬರಹವಿಲ್ಲದ ಕೂಲಿಯವರೂ ಈ ಭೇದವನ್ನು ಕಾಪಾಡಿಕೊಂಡು ಬಂದಿದ್ದಾರೆ.

ಕಾಪಾಡದಿರುವವರು ಓದುಬರಹ ಬಲ್ಲ ನಾವು. ನಮ್ಮ ಆಡಳಿತದ ಕನ್ನಡದಲ್ಲಿ ಈ ಎಲ್ಲ ಹದಗಳ ಜಾಗದಲ್ಲಿ ‘ಸಂಸ್ಕರಣೆ’ ಎಂಬ ಒಂದೇ ಶಬ್ದ ಬಂದು ಕುಳಿತಿದೆ. ಚರ್ಮ ಸಂಸ್ಕರಣೆ, ಆಹಾರ ಸಂಸ್ಕರಣೆ, ಕಾಫಿ ಸಂಸ್ಕರಣೆ, ತ್ಯಾಜ್ಯ ಸಂಸ್ಕರಣೆ ಎಲ್ಲಕ್ಕೂ ಅದೇ. ಅದು ಒಳ್ಳೆಯ ಶಬ್ದ, ಕಡತಕ್ಕೆ ಅನುಕೂಲವಾದುದು, ಅದರ ಮೇಲೆ ನನಗೆ ದ್ವೇಷವಿಲ್ಲ. ಆದರೆ ಎಲ್ಲಿ ನಿಲ್ಲಿಸಬೇಕೆಂಬ ಎಚ್ಚರ ಅದರಲ್ಲಿಲ್ಲ. ಸಂಸ್ಕರಣೆ ಎಷ್ಟು ಬೇಕಾದರೂ ನಡೆಯಬಹುದು. ಹದಕ್ಕೆ ಮಾತ್ರ ಒಂದು ಈಚೆ, ಒಂದು ಆಚೆ ಇವೆ. ಇದರಲ್ಲಿ ಮತ್ತೊಂದು ವ್ಯಂಗ್ಯವೂ ಅಡಗಿದೆ. ಸಂಸ್ಕಾರವೆಂಬ ಮಾತಿಗೆ ಶುದ್ಧಿ, ಸಂಸ್ಕೃತಿ, ಉತ್ತರಕ್ರಿಯೆ ಎಂಬ ಅರ್ಥಗಳೆಲ್ಲ ಇವೆ. ಯು. ಆರ್. ಅನಂತಮೂರ್ತಿಯವರ 1965ರ ಕಾದಂಬರಿಯ ಶೀರ್ಷಿಕೆಯ ಬಲವಿರುವುದು ಈ ಅರ್ಥಗಳ ತಿಕ್ಕಾಟದಲ್ಲಿಯೇ. ತಲೆತಲಾಂತರದಿಂದ ಚರ್ಮಕ್ಕೆ ಸಂಸ್ಕಾರವನ್ನು ಕೊಟ್ಟವರನ್ನೇ ಸಂಸ್ಕಾರವಿಲ್ಲದವರೆಂದು ಕರೆದ ಸಮಾಜ ನಮ್ಮದು. ಈಗ ಆ ಕೆಲಸಕ್ಕೆ ಸಂಸ್ಕರಣೆಯೆಂಬ ಘನವಾದ ಹೆಸರನ್ನು ಕೊಟ್ಟಿದ್ದೇವೆ. ಹೆಸರಿನೊಡನೆ ಗೌರವವೂ ಕೈಬದಲಾಯಿತೇ ಎಂದು ಕೇಳಿಕೊಳ್ಳಬೇಕಾಗಿದೆ.

ಪಟ್ಟಣದ ಕನ್ನಡದಲ್ಲಿ ಹದ ಈಗ ಎಲ್ಲಿ ಉಳಿದಿದೆ? ಅಡುಗೆಮನೆಯನ್ನು ಬಿಟ್ಟರೆ ಮುಖ್ಯವಾಗಿ ‘ಹದಗೆಡು’ ಎಂಬ ಕ್ರಿಯಾಪದದಲ್ಲಿ. ರಸ್ತೆ ಹದಗೆಟ್ಟಿದೆ, ಆರೋಗ್ಯ ಹದಗೆಟ್ಟಿದೆ, ಪರಿಸ್ಥಿತಿ ಹದಗೆಟ್ಟಿದೆ ಎಂದು ಪತ್ರಿಕೆಗಳಲ್ಲಿ ದಿನವೂ ಓದುತ್ತೇವೆ. ಕೆಟ್ಟ ರಸ್ತೆಯನ್ನು ರಿಪೇರಿ ಮಾಡಿದಾಗ ರಸ್ತೆ ಹದಕ್ಕೆ ಬಂತೆಂದು ಯಾರೂ ಬರೆಯುವುದಿಲ್ಲ. ಹದ ಕೆಟ್ಟುದನ್ನು ಹೇಳುವ ಮಾತನ್ನು ಪಟ್ಟಣ ಉಳಿಸಿಕೊಂಡಿದೆ, ಹದ ಬಂದುದನ್ನು ಹೇಳುವ ಮಾತನ್ನು ಹಳ್ಳಿಗೂ ಕಸುಬುದಾರರಿಗೂ ಬಿಟ್ಟುಕೊಟ್ಟಿದೆ. ತಯಾರಾದ ವಸ್ತುಗಳನ್ನು ಕೊಂಡು ಬಳಸುವವರಿಗೆ ವಸ್ತು ಕೆಟ್ಟಾಗ ಮಾತ್ರ ಅದರ ಕಡೆ ಲಕ್ಷ್ಯ ಹೋಗುತ್ತದೆ. ಮಾಡುವವರಿಗೆ ಪ್ರತಿದಿನವೂ ಹದದ ಚಿಂತೆ. ಒಂದೇ ಶಬ್ದದ ಎರಡು ರೂಪಗಳ ಹಂಚಿಕೆಯಲ್ಲಿ ಎರಡು ಬಗೆಯ ಬದುಕುಗಳ ಅಂತರ ಹೀಗೆ ಕಾಣಿಸಿಕೊಂಡಿದೆ.

ಇನ್ನು ಯಂತ್ರಗಳ ವಿಷಯ. ಪಾಕಕ್ಕೆ ಉಷ್ಣಮಾಪಕ, ಉಕ್ಕಿಗೆ ಕಾವನ್ನು ಅಳೆಯುವ ವಿದ್ಯುತ್ ಕುಲುಮೆ, ನೆಲಕ್ಕೆ ತೇವಮಾಪಕ ಬಂದಿವೆ. ಅವು ಬಂದುದು ಒಳ್ಳೆಯದೇ. ಬೆರಳು ಸುಟ್ಟುಕೊಂಡು, ಕಣ್ಣನ್ನು ಹೊಗೆಗೊಡ್ಡಿ ಹದವನ್ನು ಹಿಡಿಯಬೇಕಾದ ಕಷ್ಟವನ್ನು ಯಾರೂ ವೈಭವೀಕರಿಸಬೇಕಾಗಿಲ್ಲ. ಆದರೆ ಮಾಪಕ ಹೇಳುವುದು 118 ಎಂಬ ಅಂಕೆಯನ್ನು. ಈ ಕಬ್ಬು ಎಂಥ ನೆಲದಲ್ಲಿ ಬೆಳೆದದ್ದು, ಕಟಾವಾಗಿ ಎಷ್ಟು ದಿನವಾಯಿತು, ಈ ಬೆಲ್ಲ ಮಳೆಗಾಲವನ್ನು ಕಳೆಯಬೇಕಾದದ್ದೋ ನಾಳೆಯೇ ಮಾರಾಟವಾಗತಕ್ಕದ್ದೋ ಎಂಬುದನ್ನೆಲ್ಲ ಕೂಡಿಸಿ ಅಂಕೆಯಿಂದ ಒಂದೆರಡು ಡಿಗ್ರಿ ಈಚೆಗೋ ಆಚೆಗೋ ನಿಲ್ಲಿಸುವವನಿಗೆ ತಿಳಿದಿರುವುದು ಹದ. ಅಂಕೆಯನ್ನು ಪುಸ್ತಕದಲ್ಲಿ ಬರೆದಿಡಬಹುದು. ಹದವನ್ನು ಒಬ್ಬರ ಬಳಿ ನಿಂತು ಇನ್ನೊಬ್ಬರು ಕಲಿಯಬೇಕು. ಕಸುಬು ನಿಂತರೆ ಕಲಿಕೆ ನಿಲ್ಲುತ್ತದೆ, ಆಮೇಲೆ ಮಾತು ನಿಘಂಟಿನ ಸಾಲಾಗುತ್ತದೆ.

ಆದಕಾರಣ ಕಸುಬುಗಳ ಮಾತನ್ನು ಕಸುಬುದಾರರ ಬಾಯಿಂದಲೇ ಕೇಳಿ ಬರೆದುಕೊಳ್ಳುವ ಕೆಲಸಕ್ಕೆ ಬಹಳ ಬೆಲೆಯಿದೆ. ತೆಲುಗಿನಲ್ಲಿ ಭದ್ರಿರಾಜು ಕೃಷ್ಣಮೂರ್ತಿಯವರು ಜಿಲ್ಲೆಜಿಲ್ಲೆಗಳಿಂದ ರೈತರ ಮಾತುಗಳನ್ನು ಸಂಗ್ರಹಿಸಿ, ವ್ಯವಸಾಯದ ವೃತ್ತಿಪದಕೋಶವನ್ನು 1962ರಲ್ಲಿ ಹೊರತಂದರು. ಮುಂದೆ ನೇಯ್ಗೆ ಮೊದಲಾದ ಕಸುಬುಗಳಿಗೂ ಆ ಕಾರ್ಯ ವಿಸ್ತರಿಸಿತು. ಅಂಥ ಕೋಶದಲ್ಲಿ ಶಬ್ದಕ್ಕೆ ಅರ್ಥವನ್ನು ಕೊಟ್ಟರಷ್ಟೇ ಸಾಲದು. ಯಾರು, ಯಾವ ಕೆಲಸದ ನಡುವೆ, ಯಾವ ಕ್ರಿಯಾಪದದೊಡನೆ ಅದನ್ನು ಆಡುತ್ತಾರೆ ಎಂಬುದೂ ಬರಬೇಕು. ನಮ್ಮ ಕಾಲೇಜುಗಳ ಕನ್ನಡ ವಿದ್ಯಾರ್ಥಿಗಳು ರಜೆಯಲ್ಲಿ ತಮ್ಮ ಊರಿನ ಒಂದು ಆಲೆಮನೆಯಲ್ಲೋ ಒಂದು ಕುಲುಮೆಯಲ್ಲೋ ಎಂಟು ದಿನ ಕುಳಿತು, ಒಂದು ನೂರು ಮಾತುಗಳನ್ನು ಬರೆದು ತಂದರೂ ಅದು ಸಣ್ಣ ಕೆಲಸವಲ್ಲ. ತೊಗಲನ್ನು ಹದ ಮಾಡುವ ಮನೆಗಳಿಗೂ ಅವರು ಹೋಗಬೇಕು, ಅಲ್ಲಿಗೆ ಮೊದಲು ಹೋದರೆ ಇನ್ನೂ ಒಳ್ಳೆಯದು. ಆ ಕಸುಬನ್ನು ಬಿಟ್ಟು ಬೇರೆ ಉದ್ಯೋಗ ಹಿಡಿದ ಮನೆಗಳಲ್ಲಿ ಹಿರಿಯರು ಇರುವಷ್ಟು ದಿನ ಮಾತ್ರ ಆ ಮಾತುಗಳು ಇರುತ್ತವೆ. ಅವರ ಮೊಮ್ಮಕ್ಕಳು ಆ ಕಸುಬಿಗೆ ಮರಳಬೇಕೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಅವರ ಅಜ್ಜ ಅಜ್ಜಿಯರಿಗೆ ಏನು ತಿಳಿದಿತ್ತೆಂಬುದನ್ನು ಅವರ ಮಾತಿನಲ್ಲೇ ಬರೆದಿಡುವ ಹೊಣೆ ಮಾತ್ರ ಕನ್ನಡ ಓದಿದ ಎಲ್ಲರದು.